ಜೋಳದ ಕೂಳೆಯೂ ಮುಂದಿನ ಬೆಳೆಯೂ

ಜೋಳ ಕೊಯ್ದ ಹೊಲದಲ್ಲಿ ಕೂಡಲೇ ಬಿತ್ತಿದ ಪೈರು ಕೆಲವು ವೇಳೆ ಏಳಿಗೆಯಾಗದೆ ಹಳದಿಗೆ ತಿರುಗುವುದುಂಟು. ಬೀಜವು ಕೆಟ್ಟದ್ದೆಂದೋ, ಜೋಳವು ಭೂಸಾರವನ್ನೆಲ್ಲ ಹೀರಿತೆಂದೋ ಹೇಳುವುದು ವಾಡಿಕೆ. ಸಾರವನ್ನು ಹೀರುವುದು ದಿಟವೇ. ಆದರೆ ಹುಲ್ಲಿನ ಜಾತಿಯ ಅನೇಕ ಸಸ್ಯಗಳು ತಮ್ಮ ಬೇರಿನ ರಸದಿಂದಲೂ ನೆರೆಯ ಗಿಡಗಳನ್ನು ಕುಗ್ಗಿಸುತ್ತವೆ. ಜೋಳವೂ ಆ ಜಾತಿಯದೇ ಆಗಿದೆ.

ಇಂಗ್ಲೆಂಡಿನ ವೋಬರ್ನ್ ಹಣ್ಣಿನ ತೋಟದಲ್ಲಿ ಸ್ಪೆನ್ಸರ್ ಪಿಕರಿಂಗ್ ಎಂಬ ವಿದ್ವಾಂಸರು ಈ ವಿಷಯವನ್ನು ಪರೀಕ್ಷಿಸಿ 1917ರಲ್ಲಿ ಪ್ರಕಟಿಸಿದರು. ಕುಂಡದಲ್ಲಿ ಗಿಡವನ್ನು ನೆಟ್ಟು, ಅದರ ಮೇಲೆ ತಳದಲ್ಲಿ ರಂಧ್ರಗಳುಳ್ಳ ತಟ್ಟೆಯನ್ನಿಟ್ಟು ಅದರಲ್ಲಿ ಹುಲ್ಲನ್ನು ಬೆಳೆಸಿದರು. ಬೇರುಗಳು ಒಂದನ್ನೊಂದು ಮುಟ್ಟದಿದ್ದರೂ, ತಟ್ಟೆಯಿಂದ ಸೋರಿದ ನೀರಿನಿಂದ ಗಿಡವು ಕುಗ್ಗಿತು. ಆ ನೀರನ್ನು ಗಾಳಿಗೆ ಇಟ್ಟು ಬಳಿಕ ಎರೆದಾಗ ಕೇಡಾಗಲಿಲ್ಲ.

ಜೋಳದ ಬೇರುಗೂದಲಿನ ತುದಿಯಲ್ಲಿ ಹೊನ್ನಿನ ಬಣ್ಣದ ಎಣ್ಣೆಯಂಥ ಹನಿಗಳು ಒಸರುತ್ತವೆ. ಅವುಗಳಲ್ಲಿರುವ ಮುಖ್ಯ ಪದಾರ್ಥಕ್ಕೆ ಸಾರ್ಗೋಲಿಯೋನ್ ಎಂದು ಹೆಸರು. 1986ರಲ್ಲಿ ಅಮೆರಿಕದ ಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಎಲೆಯ ಹಸಿರು ಭಾಗವು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸುವ ಕೆಲಸವನ್ನು ಅದು ತಡೆಯುತ್ತದೆ. ಸಣ್ಣ ಬೀಜದ ಎಳೆಯ ಸಸಿಗಳಿಗೆ ಹಾನಿ ಹೆಚ್ಚು.

ಇನ್ನೊಂದು ಕಾರಣವೂ ಉಂಟು. ಕೂಳೆಯು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಪೈರಿಗೆ ಅದು ಕೆಲಕಾಲ ದೊರೆಯದು. ಪೈರು ಹಳದಿಯಾಗುವುದಕ್ಕೆ ಇದೂ ಕಾರಣವಾಗಬಹುದು.

ಆದುದರಿಂದ ಹಿಡುವಳಿದಾರರು ಗಮನಿಸತಕ್ಕ ಅಂಶಗಳು ಇವು:

1. ಕೊಯ್ಲಾದೊಡನೆ ಕೂಳೆಯನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಹಾಕಿ ಗೊಬ್ಬರಮಾಡತಕ್ಕದ್ದು.

2. ನೆಲವನ್ನು ಉತ್ತು ಗಾಳಿಯಾಡಗೊಟ್ಟು, ಒಂದೆರಡು ಹದಮಳೆ ಬಿದ್ದ ಬಳಿಕ ಬಿತ್ತುವುದು ಲೇಸು.

3. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಕೊಡಬೇಕು; ಹಸಿ ಕೂಳೆಯನ್ನು ಬಿತ್ತನೆಯ ಹೊತ್ತಿಗೆ ಮಣ್ಣಿನಲ್ಲಿ ಹೂಳಕೂಡದು.

4. ಇದೇ ಗುಣದಿಂದ ಉಪಯೋಗವೂ ಉಂಟು. ಬಲಿತ ಸಾಲುಗಿಡಗಳ ನಡುವೆ ಒಣಗಿದ ಜೋಳದ ದಂಟನ್ನು ಹರಡಿದರೆ ಸಣ್ಣ ಕಳೆಗಳು ಏಳುವುದು ಕಡಮೆಯಾಗುತ್ತದೆ.

ಸಂದೇಹವುಳ್ಳವರು ಒಂದೇ ಮಣ್ಣನ್ನು ಎರಡು ಮಡಕೆಗಳಲ್ಲಿ ತುಂಬಿ, ಒಂದಕ್ಕೆ ಮಾತ್ರ ಹೆಚ್ಚಿದ ಜೋಳದ ಬೇರನ್ನು ಬೆರಸಿ, ಎರಡರಲ್ಲಿಯೂ ತಾವು ಬಿತ್ತಲಿರುವ ಬೀಜವನ್ನೇ ಹಾಕಿ ಸಮನಾಗಿ ನೀರೆರೆದು 15 ದಿನ ನೋಡಲಿ. ಬೀಜದ ಹಣವೂ ಒಂದು ಹಂಗಾಮಿನ ದುಡಿಮೆಯೂ ನಷ್ಟವಾಗುವುದಕ್ಕಿಂತ ಎರಡು ಮಡಕೆಗಳ ಪರೀಕ್ಷೆ ಅಗ್ಗವಾದುದು. ಗ್ರಾಮದ ಮುಖಂಡರು ಇದನ್ನು ಹತ್ತು ಜನರ ಕಣ್ಣೆದುರಿಗೆ ಮಾಡಿ ತೋರಿಸುವುದು ಉಚಿತ.