ನಿಮಗಿದು ಗೊತ್ತೇ? ಸತ್ತವರು ಏಳುವುದೂ ಒಂದು ಅಲ್ಪವಿರಾಮವೂ

ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುತ್ತಿದ್ದ ಅಪರಾಧಿಗೆ ಪರದೈಸಿನ ಭರವಸೆ ಸಿಕ್ಕಿತಲ್ಲ (ಲೂಕ 23:43), ಅದು ಯಾವತ್ತಿಗೆ? ಆ ಮಾತಿನಲ್ಲಿ 'ಇಂದು' ಎಂಬ ಪದವಿದೆ. ಇಂದೇ ಪರದೈಸೋ, ಅಥವಾ ಇಂದು ಬರೀ ಮಾತು ಕೊಟ್ಟದ್ದೋ? ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗವೇ ಇಲ್ಲ, ಇನ್ನು ಅಲ್ಪವಿರಾಮ ಎಲ್ಲಿಂದ ಬರಬೇಕು? ಬಹುಪಾಲು ಅನುವಾದಗಳು ಮೊದಲನೆಯ ಅರ್ಥ ಹಿಡಿದಿವೆ. ಯೆಹೋವನ ಸಾಕ್ಷಿಗಳದ್ದು ಎರಡನೆಯದು, ಏಕೆಂದರೆ ಸತ್ತವರು ಪುನರುತ್ಥಾನದವರೆಗೆ ಏನೂ ಅರಿಯದೆ ಇರುತ್ತಾರೆಂಬುದು ಅವರ ನಂಬಿಕೆ. ಕನ್ನಡದ ಅನುವಾದಕನಿಗೆ ಮಾತ್ರ ಅಲ್ಪವಿರಾಮದ ಹಿಂದೆ ಅಡಗುವ ಭಾಗ್ಯವಿಲ್ಲ. ನಮ್ಮಲ್ಲಿ 'ಎಂದು' ಇದೆ. 'ಇಂದು' ಅದರ ಹಿಂದೆ ಬಂದರೆ ಒಂದು ಸಿದ್ಧಾಂತ, ಮುಂದೆ ಬಂದರೆ ಇನ್ನೊಂದು!

ಪುನರುತ್ಥಾನವನ್ನೇ ಒಪ್ಪದ ಸದ್ದುಕಾಯರಿಗೆ ಯೇಸು ಕೊಟ್ಟ ಉತ್ತರ ವಿಮೋಚನಕಾಂಡ 3:6ರಿಂದ ಬಂದದ್ದು. ಅಬ್ರಹಾಮ ಸತ್ತು ಎಷ್ಟೋ ಕಾಲದ ಮೇಲೂ ದೇವರು ತನ್ನನ್ನು ಅವನ ದೇವರೆಂದೇ ಕರೆದುಕೊಂಡನಲ್ಲ, ಹಾಗಾದರೆ ಅಬ್ರಹಾಮ ದೇವರ ಪಾಲಿಗೆ ಬದುಕಿರುವವನೇ ಎಂಬುದು ವಾದ. ಇದನ್ನು ವರ್ತಮಾನಕಾಲದ ಕ್ರಿಯಾಪದದ ಮೇಲೆ ನಿಂತ ವಾದವೆಂದು ವಿವರಿಸುವವರು ಬಹಳ. ತಮಾಷೆಯೆಂದರೆ ಮೂಲ ಹೀಬ್ರೂ ವಾಕ್ಯದಲ್ಲಿ ಆ ಕ್ರಿಯಾಪದವೇ ಇಲ್ಲ. ಕನ್ನಡದಂತೆಯೇ 'ನಾನು ಇಂಥವನ ದೇವರು' ಎಂದರೆ ಮುಗಿಯಿತು, ಭೂತ-ವರ್ತಮಾನದ ಗೊಡವೆಯಿಲ್ಲ.

ಮಾರ್ಕನ ಸುವಾರ್ತೆ 16:8ಕ್ಕೇ ನಿಂತುಬಿಡುವ ಪ್ರತಿಗಳಿವೆ, ಅದೂ ತೀರಾ ಹಳೆಯವು. 4ನೇ ಶತಮಾನದ ವ್ಯಾಟಿಕನಸ್ ಮತ್ತು ಸೈನೈಟಿಕಸ್ ಹಸ್ತಪ್ರತಿಗಳಲ್ಲಿ ಬರಿದಾದ ಸಮಾಧಿ ಕಂಡ ಹೆಂಗಸರು ಹೆದರಿ, ಯಾರಿಗೂ ಏನೂ ಹೇಳದೆ ಓಡುತ್ತಾರೆ. ಅಷ್ಟೇ, ಕತೆ ಮುಗಿಯಿತು. ಎದ್ದ ಯೇಸು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ 12 ವಚನಗಳು ಆಮೇಲೆ ಸೇರಿದವೆಂಬುದು ಇಂದಿನ ಬಹುತೇಕ ವಿದ್ವಾಂಸರ ಮತ. ವ್ಯಾಟಿಕನಸ್‌ನ ಲಿಪಿಕಾರನಂತೂ ಮಾರ್ಕ ಮುಗಿದ ಮೇಲೆ ಒಂದು ಅಂಕಣವನ್ನು ಪೂರ್ತಿ ಖಾಲಿ ಬಿಟ್ಟು ಲೂಕನಿಗೆ ಹೋಗಿದ್ದಾನೆ. ಉಳಿದ ವಚನಗಳು ಅವನಿಗೆ ಗೊತ್ತಿದ್ದವೇ? ಚರ್ಚೆ ನಿಂತಿಲ್ಲ. ಖಾಲಿ ಅಂಕಣ ಎಷ್ಟು ದಿಗಿಲು ಹುಟ್ಟಿಸುತ್ತದೆಂದು ಅಂಕಣಕಾರರನ್ನು ಕೇಳಿ.

ಅದೇ ವಿವಾದಿತ ವಚನಗಳಲ್ಲಿ ಹಾವು ಎತ್ತುವ ಮಾತೂ ಬರುತ್ತದೆ. ಅದನ್ನು ಅಕ್ಷರಶಃ ನಂಬಿದ ಅಮೆರಿಕದ ಅಪಲಾಚಿಯ ಬೆಟ್ಟಸೀಮೆಯ ಕೆಲವು ಸಭೆಗಳಲ್ಲಿ ಆರಾಧನೆಯ ನಡುವೆ ವಿಷಸರ್ಪ ಹಿಡಿಯುವ ರೂಢಿಯಿದೆ. ಆ ರೂಢಿಯನ್ನು ಹಬ್ಬಿಸಿದ ಬೋಧಕ ಜಾರ್ಜ್ ವೆಂಟ್ ಹೆನ್ಸ್ಲಿ 1955ರಲ್ಲಿ ಸತ್ತದ್ದು ಹಾವು ಕಚ್ಚಿಯೇ.

ಯೋಬ 19:26ರಲ್ಲಿ ಯೋಬ ದೇವರನ್ನು ಕಾಣುವುದು ಮಾಂಸದ ಒಳಗಿದ್ದುಕೊಂಡೋ, ಮಾಂಸ ಕಳಚಿದ ಮೇಲೋ? ಹೀಬ್ರೂವಿನ 'ಮಿನ್' ನಮ್ಮ '-ಇಂದ'ದ ಹಾಗೆ. ಎರಡೂ ಕಡೆ ವಾಲುತ್ತದೆ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ ಹ್ಯಾಂಡೆಲ್‌ನ 'ಮೆಸಾಯ' ಒಳಗಿನ ಪಕ್ಷಕ್ಕೇ ಮತ ಹಾಕಿತು.

ದಾನಿಯೇಲ 12:2ರಲ್ಲಿ ಮಣ್ಣಿನಿಂದ ಏಳುವವರು 'ಅನೇಕರು'. ಎಲ್ಲರೂ ಅಲ್ಲ!

ಯೇಸು ಸತ್ತ ಗಳಿಗೆಯಲ್ಲೇ ಸಮಾಧಿಗಳು ತೆರೆದು ಭಕ್ತರು ಎದ್ದರೆಂದು ಮತ್ತಾಯನೊಬ್ಬನೇ ಬರೆದಿದ್ದಾನೆ (27:52-53). ಆದರೆ ಅವರು ಹೊರಬಂದು ಊರಿಗೆ ಹೋದದ್ದು ಯೇಸು ಎದ್ದ ಮೇಲೆ. ನಡುವಿನ ಎರಡು ರಾತ್ರಿ ಅಲ್ಲೇ ಕೂತಿದ್ದರೇ? ಮತ್ತಾಯ ತುಟಿ ಬಿಚ್ಚುವುದಿಲ್ಲ.

ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (15:29) ಪೌಲ, ಸತ್ತವರಿಗೋಸ್ಕರ ದೀಕ್ಷಾಸ್ನಾನ ಮಾಡಿಸಿಕೊಳ್ಳುವವರ ಮಾತೆತ್ತಿ, ವಿವರಿಸದೆ ಮುಂದೆ ಹೋಗಿದ್ದಾನೆ. ವ್ಯಾಖ್ಯಾನಗಳು ಹತ್ತಾರು. 4ನೇ ಶತಮಾನದ ಬೋಧಕ ಕ್ರಿಸೊಸ್ತೊಮ್ ಹೇಳುವ ಪ್ರಕಾರ ಮಾರ್ಸಿಯೋನನ ಪಂಥದವರು ಹೆಣದ ಮಂಚದ ಕೆಳಗೆ ಒಬ್ಬನನ್ನು ಅಡಗಿಸಿಡುತ್ತಿದ್ದರು. ದೀಕ್ಷೆ ಬೇಕೇ ಎಂದು ಹೆಣವನ್ನು ಕೇಳಿದರೆ ಕೆಳಗಿನಿಂದ ಬೇಕು ಎಂಬ ಉತ್ತರ! ಕೇಳಿದವರು ನಗುತ್ತಾರೆಂದು ಕ್ರಿಸೊಸ್ತೊಮ್‌ಗೂ ಗೊತ್ತಿತ್ತು. ಮಾರ್ಮನ್ನರು 1840ರಿಂದ ಇಂದಿನವರೆಗೂ ಸತ್ತವರ ಪರವಾಗಿ ಈ ಸ್ನಾನ ನಡೆಸುತ್ತಿದ್ದಾರೆ, ಮಂಚದ ಕೆಳಗೆ ಯಾರೂ ಇಲ್ಲದೆ.

ಪುನರುತ್ಥಾನಕ್ಕೆ ಗ್ರೀಕ್ ಪದ 'ಅನಾಸ್ತಾಸಿಸ್', ಎದ್ದು ನಿಲ್ಲುವುದು. ಉತ್ಥಾನ ದ್ವಾದಶಿಯ ಉತ್ಥಾನವೂ ಅದೇ, ಏಳುವುದು. ಅಥೇನೆಯಲ್ಲಿ ಪೌಲನ ಮಾತು ಕೇಳಿದವರು ಇವನು ಪರದೇಶದ ದೇವರುಗಳನ್ನು ಸಾರುತ್ತಾನೆ ಎಂದರು. ಅನಾಸ್ತಾಸಿಸ್ ಎಂಬ ದೇವತೆಯಿದ್ದಾಳೆಂದು ಅವರು ತಿಳಿದರೇನೋ ಎಂದವನೂ ಇದೇ ಕ್ರಿಸೊಸ್ತೊಮ್.

ಯೆಹೆಜ್ಕೇಲನ ಕಣಿವೆಯಲ್ಲಿ ಒಣಗಿದ ಎಲುಬುಗಳು ಎದ್ದು ನಿಂತದ್ದು ನಡೆದ ಸಂಗತಿಯೋ, ದೃಷ್ಟಾಂತವೋ? ಯೆಹೂದ್ಯರ ತಾಲ್ಮೂದಿನಲ್ಲಿ ಇದರ ಮೇಲೆ ಜೋರು ವಾದವಿದೆ. ಎದ್ದವರು ಹಾಡಿ, ಅಲ್ಲೇ ಮತ್ತೆ ಸತ್ತರು ಎಂದ ಒಬ್ಬ ಪಂಡಿತ. ಇಲ್ಲ, ಇಸ್ರಾಯೇಲಿಗೆ ಹೋಗಿ ಮದುವೆಯಾಗಿ ಮಕ್ಕಳನ್ನು ಹೆತ್ತರು ಎಂದ ಇನ್ನೊಬ್ಬ. ಆಗ ರಬ್ಬಿ ಯೆಹೂದಾ ಬೆನ್ ಬತೇರಾ ಎದ್ದು ನಿಂತು, ತಾನೂ ಅವರ ವಂಶದವನೇ ಎಂದು ಹೇಳಿ, ಅಜ್ಜ ಬಿಟ್ಟುಹೋದದ್ದೆಂದು ಪ್ರಾರ್ಥನೆಯಲ್ಲಿ ಕಟ್ಟಿಕೊಳ್ಳುವ ಚರ್ಮದ ಡಬ್ಬಿಯನ್ನು ಸಾಕ್ಷಿಗೆ ತೋರಿಸಿದನಂತೆ.