ಹಳೆಯ ಹವಳಗಲ್ಲನ್ನು ಕುದಿಸಬೇಡಿ

ಉಪ್ಪುನೀರಿನ ಅಕ್ವೇರಿಯಂ ಕಟ್ಟುವವರು ಬೇರೊಬ್ಬರ ತೊಟ್ಟಿಯ ಒಣಗಲ್ಲನ್ನು ಅಗ್ಗಕ್ಕೆ ತಂದು, ಶುದ್ಧವಾಗಲೆಂದು ಒಲೆಯ ಮೇಲೆ ಕುದಿಸುವುದುಂಟು. ಕುದಿಸಿದ್ದೆಲ್ಲ ನಿರಪಾಯ ಎಂಬ ನಂಬಿಕೆ ಈ ಕಲ್ಲಿಗೆ ಸಲ್ಲದು. ಅದರಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಕಲ್ಲಿನ ಬಿರುಕುಗಳಲ್ಲಿ ಹವಳದ ಬಂಧುಗಳಾದ ಝೋವಾಂಥಿಡ್‌ಗಳು ಅಂಟಿಕೊಂಡಿರಬಹುದು. ಅವುಗಳಲ್ಲಿ ಪಾಲಿಥೋವಾ ಕುಲದ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯ ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದ ಶೋಧವಿದು. ಜೀವಕೋಶದಿಂದ ಸೋಡಿಯಂ ಹೊರದಬ್ಬಿ ಪೊಟ್ಯಾಸಿಯಂ ಒಳಗೆಳೆಯುವ ಪಂಪನ್ನೇ ಈ ವಿಷ ಬಾಯ್ದೆರೆದ ತೂಬಾಗಿಸುತ್ತದೆ. ಆಗ ಸ್ನಾಯುಗಳು ಕುಸಿಯುತ್ತವೆ, ಹೃದಯದ ಲಯ ತಪ್ಪುತ್ತದೆ. ಕುದಿನೀರಿಗೆ ಇದು ಬಗ್ಗದು. ಹಬೆಯ ಹನಿಗಳೊಡನೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಲ್ಲು ಒಣಗಿದ ಮಾತ್ರಕ್ಕೆ ವಿಷ ಹೋಯಿತೆಂದೂ ನಂಬುವಂತಿಲ್ಲ.

ಇದು ಬರೀ ಊಹೆಯಲ್ಲ. 2007ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಕುದಿನೀರು ಸುರಿದು ಝೋವಾಂಥಿಡ್ ಕೀಳಲು ಹೋದವರೊಬ್ಬರು ಹಬೆ ಕುಡಿದು ಉಸಿರಾಟದ ತೀವ್ರ ತೊಂದರೆಗೆ ಸಿಲುಕಿದರು. ಆಮೇಲೆ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ ಕೆಲವು ಝೋವಾಂಥಿಡ್ ಮಾದರಿಗಳಲ್ಲಿ ಗ್ರಾಮಿಗೆ 0.5ರಿಂದ 3.5 ಮಿಲಿಗ್ರಾಂ ವಿಷ ಸಿಕ್ಕಿತು. ಅಲಾಸ್ಕಾದ ಅಂಗಡಿ, ಮನೆಗಳಲ್ಲಿ 2012–14ರ ನಡುವೆ ಝೋವಾಂಥಿಡ್‌ಗಳ ಸಂಪರ್ಕದಿಂದ ಜನ ಅಸ್ವಸ್ಥರಾದದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ವರದಿ ಮಾಡಿತು.

ಆದ್ದರಿಂದ ಬಿಸಿನೀರು, ಒಣಕಲ್ಲು ಉಜ್ಜುವ ಬ್ರಶ್ಶು, ಒತ್ತಡದ ನೀರು ಯಾವುದೂ ಬೇಡ. ಕೈಗವಸು, ಕನ್ನಡಕ ತೊಟ್ಟು ಬಯಲಿನಲ್ಲಿ ಕೆಲಸ ಮಾಡಿ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಆಗಷ್ಟೇ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ನೆನೆದರೆ ಈ ವಿಷ ನಿಷ್ಕ್ರಿಯವಾಗುತ್ತದೆಂದು ಅದೇ ಕೇಂದ್ರ ಹೇಳುತ್ತದೆ. ಸಂದುಗೊಂದಿನ ಕಲ್ಲಿಗೆ ಇನ್ನೂ ಹೆಚ್ಚು ಹೊತ್ತು ಕೊಡುವುದು ಲೇಸು.

ಎರಡನೆಯ ಅಪಾಯ ಇಲ್ಲೇ ಹೊಂಚಿದೆ. ಹಳೆಯ ಕಲ್ಲು ಹೀರಿಟ್ಟ ಫಾಸ್ಫೇಟ್ ತೆಗೆಯಲು ಹಲವರು ಮೇಲ್ಪದರವನ್ನು ಮುರಿಯಾಟಿಕ್ ಆಸಿಡ್‌ನಲ್ಲಿ ಕರಗಿಸುತ್ತಾರೆ. ಕಲ್ಲಿನೊಳಗೆ ಬ್ಲೀಚ್ ಉಳಿದಿದ್ದರೆ ಆಸಿಡ್ ತಗಲಿದ ಕ್ಷಣ ಕ್ಲೋರಿನ್ ಅನಿಲ ಏಳುತ್ತದೆ. ಮನೆಯಲ್ಲಿ ಆಸಿಡ್ ಬಳಸಲೇಬಾರದೆಂಬುದು ನನ್ನ ಮತ. ಬ್ಲೀಚ್ ಪೂರ್ತಿ ತೊಳೆದ ಕಲ್ಲನ್ನು ಬೇರೆ ಡ್ರಮ್ಮಿನ ಉಪ್ಪುನೀರಿನಲ್ಲಿ, ಕತ್ತಲಲ್ಲಿ, ಪಂಪ್ ಹಾಕಿ ವಾರಗಟ್ಟಲೆ ಇಡಿ. ಫಾಸ್ಫೇಟ್ ಅಳೆಯುತ್ತ ನೀರು ಬದಲಿಸಿ.

ಕಲ್ಲಿನ ಕೆಲಸದ ನಂತರ ಬಾಯಲ್ಲಿ ಲೋಹದ ಕಹಿ, ಜ್ವರ, ಕೆಮ್ಮು, ಮೈಕೈ ನೋವು ಕಂಡರೆ ಎಲ್ಲರೂ ಕೂಡಲೇ ಮನೆಯಿಂದ ಹೊರಬನ್ನಿ. ಮಾಮೂಲಿ ಫ್ಲೂ ಎಂದು ಮಲಗಬೇಡಿ. ಪಾಲಿಟಾಕ್ಸಿನ್‌ಗೆ ಪ್ರತಿವಿಷವಿಲ್ಲ, ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ಕಲ್ಲಿನ ವಿಷಯವನ್ನೂ ಈ ವಿಷದ ಹೆಸರನ್ನೂ ನೀವೇ ಮೊದಲು ಹೇಳಿ.