ಕೇಳಿದ ಬೋಧನೆಗೆ ಬೈಬಲ್ಲೇ ಒರೆಗಲ್ಲು

ನೌಪಾಡಾ: ಊರು ಬಿಟ್ಟು ಬಂದ ಕನ್ನಡ ಕ್ರೈಸ್ತರಿಗೆ ಪ್ರಾರ್ಥನಾ ಕೂಟವೇ ಬಂಧುಬಳಗ. ಆದರೆ ಅಲ್ಲಿಗೆ ಬರುವ ಬೋಧಕರೆಲ್ಲರ ಮಾತನ್ನೂ ನಂಬಬಹುದೇ?

ಪ್ರಶ್ನೆ ಹೊಸದಲ್ಲ. ಕ್ರಿಸ್ತನೂ ಸೃಷ್ಟಿಯಾದವನೇ ಎಂದು ಅಲೆಕ್ಸಾಂಡ್ರಿಯದ ಅರಿಯುಸ್ ಬೋಧಿಸಿದಾಗ, ಕ್ರಿ.ಶ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪರು ಅದನ್ನು ತಳ್ಳಿಹಾಕಿ ವಿಶ್ವಾಸ ಪ್ರಮಾಣ ರಚಿಸಿದರು. 381ರಲ್ಲಿ ವಿಸ್ತಾರಗೊಂಡ ಆ ಪ್ರಮಾಣ ಇಂದಿಗೂ ದೇವಾಲಯಗಳಲ್ಲಿ ಕೇಳಿಬರುತ್ತದೆ.

ಸ್ವತಃ ಪೌಲನ ಬೋಧನೆಯನ್ನೇ ಬೆರೋಯದವರು ಶಾಸ್ತ್ರದೊಂದಿಗೆ ತಾಳೆ ನೋಡಿದರೆಂದು ಅಪೊಸ್ತಲರ ಕೃತ್ಯಗಳು (17:11) ಮೆಚ್ಚಿ ಹೇಳುತ್ತದೆ. ಪ್ರಾರ್ಥನೆ ಸಾಕು, ಔಷಧಿ ಬಿಡಿ ಎನ್ನುವವರಿಗೆ ಪೌಲನ ಒಡನಾಡಿ ಲೂಕನು ವೈದ್ಯನಾಗಿದ್ದನೆಂಬುದನ್ನು (ಕೊಲೊಸ್ಸೆ 4:14) ನೆನಪಿಸಬಹುದು.

1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಮನೆಯ ಆ ಗ್ರಂಥ ಕಪಾಟಿನಲ್ಲೇ ಉಳಿದೀತು. ಮನೆಯಲ್ಲಿ ದಿನಕ್ಕೊಂದು ಅಧ್ಯಾಯ ಓದಿಸಿದರೆ ಭಾಷೆಯೂ ಉಳಿಯುತ್ತದೆ, ವಿಶ್ವಾಸವೂ ಗಟ್ಟಿಯಾಗುತ್ತದೆ.